ಅಪ್ರೆಂಟಿಸ್ ಆಗಿ ಸೇರುವ ಮುನ್ನ ಹೆಸರು ಸರಿಮಾಡಿಕೊಳ್ಳಿ

ಕಳೆದ ಮಳೆಗಾಲದಲ್ಲಿ ಹೊಸನಗರದ ಕಡೆಯ ಹುಡುಗನೊಬ್ಬ ನೆನೆದ ಛತ್ರಿ ಮಡಚುತ್ತಾ ನಮ್ಮ ಮನೆಯ ಜಗಲಿಗೆ ಬಂದ. ಐಟಿಐಯಲ್ಲಿ ನಾನು ಕಲಿಸಿದ ಹುಡುಗ. ಎರಕದ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ತಿಂಗಳು ದುಡಿದಿದ್ದ. ಪ್ಲಾಸ್ಟಿಕ್ ಕವರಿನಿಂದ ಅವನು ತೆಗೆದು ಕೊಟ್ಟದ್ದು ಲೆಟರ್‌ಹೆಡ್ಡಿನ ಮೇಲೆ ನಾಲ್ಕು ಸಾಲು: ‘ಟ್ರೈನಿಯಾಗಿ ಕೆಲಸ ಮಾಡಿರುತ್ತಾರೆ’. ಹುಡುಗನಿಗೆ ಕೆಲಸ ಚೆನ್ನಾಗಿ ಬರುತ್ತದೆ. ಆದರೆ ಅಪ್ರೆಂಟಿಸ್ ಪ್ರಮಾಣಪತ್ರ ಕೇಳುವ ಯಾವ ಕಡೆಯೂ ಆ ಕಾಗದ ನಡೆಯುವುದಿಲ್ಲ. ಅವನ ಹೆಸರಿನಲ್ಲಿ ಕರಾರೇ ಆಗಿರಲಿಲ್ಲ. ಇಂಥವರನ್ನು ಪ್ರತಿ ವರ್ಷ ನೋಡುತ್ತಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ವ್ಯವಸ್ಥೆ ಏನೆಂದು ತಿಳಿಯಿರಿ. ಕಚೇರಿಯ ಕನ್ನಡದಲ್ಲಿ ಇದಕ್ಕೆ ‘ಶಿಶಿಕ್ಷು ತರಬೇತಿ’ ಎನ್ನುತ್ತಾರೆ; ನೋಟಿಸ್ ಬೋರ್ಡಿನಲ್ಲಿ ಆ ಪದ ಕಂಡರೆ ದಾಟಿ ಹೋಗಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಾರ್ಖಾನೆ ನಿಮಗೆ ಕೆಲಸ ಕಲಿಸಬೇಕು, ಕಲಿಯುವಷ್ಟು ಕಾಲವೂ ಸ್ಟೈಪೆಂಡ್, ಅಂದರೆ ತರಬೇತಿ ಭತ್ಯೆ, ಕೊಡಬೇಕು. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ ಆರಂಭಿಸಿತು. ಇದರಡಿ ಸ್ಟೈಪೆಂಡಿನ ಶೇ 25ರಷ್ಟನ್ನು, ತಿಂಗಳಿಗೆ ಹೆಚ್ಚೆಂದರೆ 1,500 ರೂಪಾಯಿಯನ್ನು, ಸರ್ಕಾರ ನೇರವಾಗಿ ಅಭ್ಯರ್ಥಿಯ ಖಾತೆಗೆ ಹಾಕುತ್ತದೆ. ಉಳಿದದ್ದು ಮಾಲೀಕರ ಪಾಲು.

ಇನ್ನು ನೋಂದಣಿ. ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಅರ್ಧ ಗಂಟೆಯ ಕೆಲಸ, ಶುಲ್ಕವಿಲ್ಲ. ಸೈಬರ್ ಸೆಂಟರಿನಲ್ಲಿ ಮಾಡಿಸುವುದಾದರೆ ಮೊಬೈಲ್ ಸಂಖ್ಯೆ ಮತ್ತು ಇ–ಮೇಲ್ ನಿಮ್ಮದೇ ಇರಲಿ. ಬೇಗ ಮುಗಿಸುವ ಅವಸರದಲ್ಲಿ ಅಂಗಡಿಯವರು ತಮ್ಮ ಸಂಖ್ಯೆ ಹಾಕಿಬಿಡುತ್ತಾರೆ. ಆರು ತಿಂಗಳ ಮೇಲೆ ಒಟಿಪಿ ಬರುವುದು ಅವರ ಫೋನಿಗೆ. ಅಷ್ಟು ಹೊತ್ತಿಗೆ ಅಂಗಡಿಯೇ ಇರುವುದಿಲ್ಲ. ಸಿಮ್ ಕಾರ್ಡ್ ಪದೇ ಪದೇ ಬದಲಾಯಿಸುವವರು ಮನೆಯಲ್ಲಿ ಸ್ಥಿರವಾಗಿರುವ ಒಂದು ಸಂಖ್ಯೆ ಕೊಡಿ.

ಎಲ್ಲರೂ ಎಡವುವುದು ಹೆಸರಿನಲ್ಲಿ. ಇಲ್ಲಿ ನಿಧಾನವಾಗಿ ಓದಿ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಐಟಿಐ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಡಿ. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದಾಗಿ ಬೆರಳಿಟ್ಟು ಓದಿ. ನಮ್ಮ ಕಡೆಯ ಹೆಸರುಗಳ ತೊಂದರೆ ಇನಿಷಿಯಲ್ಲಿನದು. ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರ ಹಿಂದೆ ಬಂದಿರುತ್ತವೆ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಸೇರಿರುತ್ತದೆ, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ಲೇ ಇರುವುದಿಲ್ಲ. ಮಂಜುನಾಥ ಎಂಬ ಒಂದೇ ಹೆಸರಿನ ಕೊನೆಗೆ ಒಂದು ಕಡೆ ‘ಎ’ ಅಕ್ಷರ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ನಮ್ಮ ಕಣ್ಣಿಗೆ ಇದು ವ್ಯತ್ಯಾಸವೇ ಅಲ್ಲ, ಗಣಕಕ್ಕೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು.

ತಿದ್ದುಪಡಿಗೆ ಒಂದು ಕ್ರಮವಿದೆ. ಅಂಕಪಟ್ಟಿಯನ್ನು ಮೂಲವಾಗಿಟ್ಟುಕೊಂಡು ಆಧಾರ್ ಅನ್ನು ಅದಕ್ಕೆ ಹೊಂದಿಸಿ. ಅದಾದ ಮೇಲೆ ಬ್ಯಾಂಕು. ತಿರುಗುಮುರುಗಾಗಿ ಮಾಡಬೇಡಿ, ಏಕೆಂದರೆ ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಅವಕಾಶ ಇರುವುದು ಜೀವಮಾನದಲ್ಲಿ ಎರಡೇ ಸಲ. ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಸಾಗರದ ಕಡೆಯ ಹುಡುಗಿಯೊಬ್ಬಳು ಮೊದಲ ಸಲ ತಂದೆಯ ಹೆಸರು ಸೇರಿಸಿದಳು, ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿದಳು. ಎರಡೂ ಅವಕಾಶ ಮುಗಿದ ಮೇಲೆ ಅಂಕಪಟ್ಟಿಗೆ ಹೊಂದುವ ಹೆಸರು ಬೇಕಾಯಿತು. ಅವಳು ಅಲೆದ ಅಲೆದಾಟ ನನಗೆ ಗೊತ್ತು. ಆಧಾರ್ ಕೇಂದ್ರದಲ್ಲಿ ಒಪ್ಪಿಗೆ ಕೊಡುವ ಮುನ್ನ ಪರದೆಯ ಮೇಲಿನ ಹೆಸರನ್ನು ನೀವೇ ಓದಿ. ಕೊಟ್ಟ ಚೀಟಿಯನ್ನು ಅಲ್ಲೇ ನಿಂತು ಇನ್ನೊಮ್ಮೆ ಓದಿ.

ಹಾಗೆಯೇ, ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಮಲೆನಾಡಿನ ಥಂಡಿಗೆ ಬೂಷ್ಟು ಹಿಡಿಯುತ್ತದೆಂದು ಮಾಡಿಸುತ್ತಾರೆ. ಒಳಗೆ ತೇವ ಸೇರಿದರೆ ಅಕ್ಷರ ಅಂಟಿಕೊಂಡು ಹೋಗುತ್ತದೆ, ಬಿಡಿಸಲು ಬರುವುದಿಲ್ಲ. ಜಿಪ್ ಇರುವ ದಪ್ಪ ಕವರ್ ಸಾಕು.

ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆಯೇ’ ಎಂದಷ್ಟೇ ಕೇಳಿದರೆ ‘ಆಗಿದೆ’ ಎನ್ನುತ್ತಾರೆ. ಕೆವೈಸಿಗೆ ಆಧಾರ್ ಕೊಟ್ಟಿರುವುದೇ ಒಂದು, ಸರ್ಕಾರದ ಹಣ ನೇರವಾಗಿ ಖಾತೆಗೆ ಬರಲು (ಇದೇ ಡಿಬಿಟಿ) ಆಧಾರ್ ಸಂಖ್ಯೆಯನ್ನು ಆ ಖಾತೆಗೆ ಜೋಡಿಸುವ ‘ಸೀಡಿಂಗ್’ ಆಗಿರುವುದೇ ಇನ್ನೊಂದು. ‘ಡಿಬಿಟಿಗೆ ಸೀಡಿಂಗ್ ಮಾಡಿಕೊಡಿ’ ಎಂದು ಬಾಯಿಬಿಟ್ಟು ಹೇಳಿ, ಅರ್ಜಿ ಬರೆದುಕೊಡಿ. ಒಬ್ಬರ ಆಧಾರ್ ಒಂದು ಹೊತ್ತಿಗೆ ಒಂದೇ ಬ್ಯಾಂಕಿಗೆ ಸೀಡ್ ಆಗಿರುತ್ತದೆ. ಕೊನೆಗೆ ಎಲ್ಲಿ ಮಾಡಿಸಿದ್ದೀರೋ ಹಣ ಅಲ್ಲಿಗೇ ಹೋಗುತ್ತದೆ. ಸಂತೆಯಲ್ಲಿ ಸಿಮ್ ಕೊಳ್ಳುವಾಗ ತೆರೆದುಕೊಂಡ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಹಣ ಬಿದ್ದು, ಇಲ್ಲಿ ‘ಸರ್ಕಾರದ ದುಡ್ಡೇ ಬರಲಿಲ್ಲ’ ಎಂದು ಕೊರಗಿದವರನ್ನು ಕಂಡಿದ್ದೇನೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಯಾವ ಬ್ಯಾಂಕು ಎಂದು ಎರಡು ನಿಮಿಷದಲ್ಲಿ ನೋಡಬಹುದು.

ಕಾರ್ಖಾನೆ ಹುಡುಕುವುದು ಈಗ. ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವಿದೆ. ಭದ್ರಾವತಿಯಲ್ಲಿ 1923ರಲ್ಲೇ ಕಬ್ಬಿಣದ ಕಾರ್ಖಾನೆ ಶುರುವಾದ ಸೀಮೆ ಇದು. ಎರಕ, ಲೇತ್, ವೆಲ್ಡಿಂಗ್ ಬಲ್ಲ ಕೈಗಳಿಗೆ ಇಲ್ಲೇ ಕೆಲಸವಿದೆ. ಮೊದಲ ವರ್ಷಕ್ಕೆ ಸಣ್ಣ ಘಟಕವೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ಕಡೆ ವರ್ಷವಿಡೀ ಒಂದೇ ಯಂತ್ರದ ಮುಂದೆ ನಿಲ್ಲಿಸುವ ಸಂಭವ ಹೆಚ್ಚು. ಸಣ್ಣ ಕಡೆ ಮೇಸ್ತ್ರಿಯೇ ಪಕ್ಕದಲ್ಲಿ ನಿಂತು ಡ್ರಿಲ್ ಬಿಟ್ ಸಾಣೆ ಹಿಡಿಯುವುದನ್ನು ತೋರಿಸುತ್ತಾರೆ. ಎರಡೂ ಅಂಚು ಒಂದೇ ಉದ್ದಕ್ಕೆ, ಒಂದೇ ಕೋನಕ್ಕೆ ಬಂದಿವೆಯೇ ನೋಡು, ಬಿಟ್ ಬಿಸಿಯಾಗಿ ನೀಲಿ ತಿರುಗುವ ಮುಂಚೆ ಎತ್ತು ಎನ್ನುತ್ತಾರೆ. ಕೈಗೆ ಬರುವ ವಿದ್ಯೆ ಇದು.

ಬಸ್ ನಿಲ್ದಾಣದ ಕಂಬಗಳಲ್ಲಿ ಅಂಟಿಸಿರುವ ‘ಉದ್ಯೋಗ ಗ್ಯಾರಂಟಿ’ ಚೀಟಿಗಳನ್ನು ನಂಬಿ ಹಣ ಕಟ್ಟಬೇಡಿ. ಅಪ್ರೆಂಟಿಸ್ ಆಗಲು ಮಧ್ಯವರ್ತಿ ಬೇಕಿಲ್ಲ. ಪಾದಚಾರಿ ಮಾರ್ಗದಲ್ಲಿ ಮಾರುವ ಅಗ್ಗದ ಸುರಕ್ಷತಾ ಬೂಟನ್ನೂ ಕೊಳ್ಳಬೇಡಿ; ಮುಂದಿನ ಟೋಪಿಯನ್ನು ಹೆಬ್ಬೆರಳಿನಿಂದ ಒತ್ತಿ, ಒಳಗೆ ಹೋದರೆ ಅದರಲ್ಲಿ ಉಕ್ಕಿಲ್ಲ.

ಕರಾರಿನಲ್ಲಿ ನೋಡಬೇಕಾದದ್ದು: ಟ್ರೇಡ್ (ಕಲಿಯುವ ಕಸುಬು) ಯಾವುದು, ಅವಧಿ ಎಷ್ಟು, ಸ್ಟೈಪೆಂಡ್ ಎಷ್ಟು, ತರಬೇತಿ ಎಲ್ಲಿ. ಫಿಟ್ಟರ್ ಓದಿದವರನ್ನು ಬೇರೆ ಟ್ರೇಡಿನ ಹೆಸರಿನಲ್ಲಿ ಸೇರಿಸಿದ್ದರೆ ಸಹಿ ಮಾಡುವ ಮೊದಲೇ ಕೇಳಿ. ಹದಿನೆಂಟು ತುಂಬದವರ ಪರವಾಗಿ ಪೋಷಕರು ಸಹಿ ಮಾಡಬೇಕು; ಅಪಾಯಕಾರಿ ಕೈಗಾರಿಕೆಗೆ ಹದಿನೆಂಟು ತುಂಬಿರಲೇಬೇಕು. ಕರಾರು ಪೋರ್ಟಲ್‌ನಲ್ಲಿ ನೋಂದಣಿಯಾಗಿ ನಿಮ್ಮ ಲಾಗಿನ್‌ನಲ್ಲಿ ಕಾಣಿಸಬೇಕು. ‘ಮೊದಲು ಮೂರು ತಿಂಗಳು ಕೆಲಸ ಮಾಡು, ಆಮೇಲೆ ಕರಾರು’ ಎಂದರೆ ಒಪ್ಪಬೇಡಿ. ಜಗಲಿಗೆ ಬಂದ ಆ ಹುಡುಗನಿಗೆ ಕಾರ್ಖಾನೆಯವರು ಹೇಳಿದ್ದೂ ಇದೇ ಮಾತು. ತರಬೇತಿ ಮುಗಿದ ಮೇಲೆ ಕಾಯಂ ಕೆಲಸ ಕೊಡಲೇಬೇಕೆಂದು ಕಾಯ್ದೆಯಲ್ಲಿಲ್ಲ. ಕರಾರಿನಲ್ಲಿ ಬರೆದಿದ್ದರೆ ಮಾತ್ರ ಉಂಟು.

ಪದವಿ, ಡಿಪ್ಲೊಮಾ ಮುಗಿಸಿ ಯುವನಿಧಿ ಪಡೆಯುತ್ತಿರುವವರು ಗಮನಿಸಿ: 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ ಚಾಲನೆಗೊಂಡ ಆ ಯೋಜನೆಗೆ, ಅಪ್ರೆಂಟಿಸ್ ವೇತನ ಪಡೆಯುವವರು ಅರ್ಹರಲ್ಲ. ಎರಡೂ ಸಿಗುತ್ತದೆಂದು ಲೆಕ್ಕ ಹಾಕಿಕೊಳ್ಳಬೇಡಿ.

ಮಾಲೀಕರೂ ಇದನ್ನು ಓದುತ್ತಿದ್ದರೆ ಸಂತೋಷ. ಮೂವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಗುತ್ತಿಗೆಯವರೂ ಸೇರಿ ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರವರೆಗೆ. ನಾಲ್ಕರಿಂದ ಇಪ್ಪತ್ತೊಂಬತ್ತು ಜನರಿರುವ ವರ್ಕ್‌ಶಾಪಿಗೆ ಇದು ಐಚ್ಛಿಕ, ಆದರೆ ಅವರಿಗೇ ಲಾಭ ಹೆಚ್ಚು. ಅಪ್ರೆಂಟಿಸ್‌ಗೆ ಪಿಎಫ್, ಇಎಸ್‌ಐ ಅನ್ವಯಿಸುವುದಿಲ್ಲ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಮಾತ್ರ ಮಾಲೀಕರದೇ.

‘ನಿಮ್ಮ ಹುಡುಗರು ಅಡಿಕೆ ಕೊಯ್ಲು ಬಂತೆಂದರೆ ಹೇಳದೆ ಕೇಳದೆ ಊರಿಗೆ ಹೋಗುತ್ತಾರೆ’ ಎಂಬ ದೂರನ್ನು ಮಾಲೀಕರಿಂದ ಬಹಳ ಕೇಳಿದ್ದೇನೆ. ದೂರು ನಿಜ. ಮನೆಯಲ್ಲಿ ಸುಲಿಯಲು, ಬೇಯಿಸಲು, ಅಂಗಳದಲ್ಲಿ ಹರವಲು ಕೈ ಸಾಲದೆ ಕರೆ ಬರುವುದೂ ಅಷ್ಟೇ ನಿಜ. ಸೇರುವ ದಿನವೇ ಈ ಮಾತು ಆಡಿಬಿಡಿ: ಎಷ್ಟು ದಿನ ಬೇಕು, ಯಾವ ವಾರ, ಸರದಿಯಲ್ಲಿ ಯಾರು. ಅಪ್ಪ–ಅಮ್ಮನನ್ನೂ ಕರೆಸಿ ಅವರ ಮುಂದೆಯೇ ತೀರ್ಮಾನಿಸಿದರೆ ಇನ್ನೂ ಒಳ್ಳೆಯದು. ಹುಡುಗರು ರಜೆ ಬರೆದುಕೊಟ್ಟು ಹೋಗಲಿ. ಹೇಳದೆ ಹೋಗಿ ಕರಾರು ಮುರಿದರೆ ಅಷ್ಟು ತಿಂಗಳ ಕಲಿಕೆ ಪ್ರಮಾಣಪತ್ರಕ್ಕೆ ತಲುಪುವುದೇ ಇಲ್ಲ.

ಸೇರಿದ ಮೇಲೆ ಇನ್ನೂರು ಪುಟದ ಹೊಲಿದ ನೋಟ್‌ಬುಕ್ ಒಂದು ಕೊಳ್ಳಿ. ಬಿಡಿ ಹಾಳೆ ಬೇಡ. ದಿನವೂ ಮೂರು ಸಾಲು ಬರೆಯಿರಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪುಸ್ತಕದಲ್ಲಿ ಹೀಗಿತ್ತು: ‘ಶಾಫ್ಟ್ 30 ಮಿ.ಮೀ. ಬೇಕಿತ್ತು, 29.94ಕ್ಕೆ ನಿಂತಿತು, ರಿಜೆಕ್ಟ್. ಕೊನೆಯ ಕಟ್ ಹೆಚ್ಚಾಯಿತು. ಯಂತ್ರ ನಿಲ್ಲಿಸಿ, ತಣ್ಣಗಾದ ಮೇಲೆ ಅಳೆಯಬೇಕು.’ ಸಂದರ್ಶನದಲ್ಲಿ ಅವನು ಆ ಪುಸ್ತಕವನ್ನೇ ಮೇಜಿನ ಮೇಲಿಟ್ಟ.

ಸ್ಟೈಪೆಂಡ್ ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಬರಬೇಕು. ತಡವಾದರೆ ಲಿಖಿತವಾಗಿ ಕೇಳಿ. ಕೊನೆಯ ಪರೀಕ್ಷೆಗೆ ಗೈರಾಗಬೇಡಿ. ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರವನ್ನು ನಿಮ್ಮ ಲಾಗಿನ್‌ನಿಂದ ನೀವೇ ಇಳಿಸಿಕೊಂಡು, ಅಂಕಪಟ್ಟಿಯ ಪಕ್ಕದಲ್ಲಿಟ್ಟು ಹೆಸರಿನ ಅಕ್ಷರಗಳನ್ನು ಇನ್ನೊಮ್ಮೆ ಬೆರಳಿಟ್ಟು ಓದಿ.