ಇಮ್ಲಿಬನ್‌ನಿಂದ ಶುರು: ಒಂದು ಭಾನುವಾರದ ಹೈದರಾಬಾದ್

ರಾಯಚೂರಿನವರಿಗೆ ಹೈದರಾಬಾದ್ ಹೊಸ ಊರಲ್ಲ. ಆಸ್ಪತ್ರೆ, ಮದುವೆ ಜವಳಿ, ಏರ್‌ಪೋರ್ಟ್ ಅಂತ ಓಡಾಟ ಇದ್ದೇ ಇರುತ್ತದೆ. 1956ರ ಅಕ್ಟೋಬರ್ ಮುಗಿಯುವವರೆಗೆ ನಮ್ಮ ರಾಜಧಾನಿಯೂ ಅದೇ. ಆದರೆ ನೋಡಿದ್ದೇನು ಅಂತ ಕೇಳಿದರೆ ಎಲ್ಲರೂ ಹೇಳುವುದು ಚಾರ್‌ಮಿನಾರ್, ಗೋಲ್ಕೊಂಡ, ಟ್ಯಾಂಕ್‌ಬಂಡ್. "ಅವು ಬಿಟ್ಟು ಒಂದ ದಿನದಾಗ ಇನ್ನೇನ್ ನೋಡ್ತಿಯಪಾ" ಅಂದವರೇ ಬಹಳ. ಅವು ಬಿಟ್ಟೂ ಒಂದೇ ದಿನದಲ್ಲಿ ನೋಡಲು ಬೇಕಾದಷ್ಟಿದೆ; ಮೂರು ಸಲ ಕೆಟ್ಟು ನಾಲ್ಕನೆಯ ಸಲ ಕೈಗೆ ಹತ್ತಿದ ಲೆಕ್ಕ ಇದು. ಆಮೇಲೆ ಇದೇ ದಾರಿಯಲ್ಲಿ ಹೋಗಿ ಬಂದ ಇಬ್ಬರು ಗೆಳೆಯರೂ ಈಗ ಒಪ್ಪುತ್ತಾರೆ.

ಮೊದಲ ತಪ್ಪು ಶುಕ್ರವಾರ. ಸಾಲಾರ್‌ಜಂಗ್ ಮ್ಯೂಸಿಯಂ, ಚೌಮಹಲ್ಲಾ ಎರಡೂ ಅಂದು ಮುಚ್ಚಿರುತ್ತವೆ. ಮಕ್ಕಾ ಮಸೀದಿ ಸುತ್ತ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಆಟೋ ಅಲುಗುವುದಿಲ್ಲ. ಎರಡನೆಯ ತಪ್ಪು ಸಾಮಾನು. ರೈಲ್ವೆ ಸ್ಟೇಷನ್ನಿನ ಕ್ಲೋಕ್‌ರೂಮಿನಲ್ಲಿ ಬೀಗ ಹಾಕದ ಬ್ಯಾಗ್ ತೆಗೆದುಕೊಳ್ಳುವುದಿಲ್ಲ, ರೈಲಿನ ಟಿಕೆಟ್ಟೂ ಬೇಕು. ಬಸ್ಸಿನಲ್ಲಿ ಬಂದವರಿಗೆ ಎರಡೂ ಇರುವುದಿಲ್ಲ. ಆದ್ದರಿಂದ ಹೆಗಲಿಗೆ ಒಂದೇ ಚೀಲ: ನೀರು, ಟವೆಲ್, ಪವರ್ ಬ್ಯಾಂಕ್, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಕಾಲಿಗೆ ಚಪ್ಪಲಿ. ದಿನಕ್ಕೆ ಐದಾರು ಕಡೆ ಬಿಚ್ಚಬೇಕಾಗುತ್ತದೆ, ಲೇಸಿನ ಬೂಟು ಹಾಕಿಕೊಂಡರೆ ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ.

ಮೂರನೆಯ ತಪ್ಪೇ ದೊಡ್ಡದು. ಮೊಬೈಲಿನಲ್ಲಿ ಸಿಕ್ಕ ಪಟ್ಟಿ ಹಿಡಿದು ಊರಿನ ಆ ತುದಿಯಿಂದ ಈ ತುದಿಗೆ ಓಡುವುದು. ನಿಜಾಮರ ಕಾಲದ ಸರದಾರ ಮನೆತನದ ಪೈಗಾ ಸಮಾಧಿ ಹುಡುಕಲು ಮ್ಯಾಪಿನಲ್ಲಿ ಬರೀ "ಪೈಗಾ" ಹೊಡೆದರೆ ಬೇಗಂಪೇಟೆಯ ಪೈಗಾ ಅರಮನೆಯೂ ಬರುತ್ತದೆ, ಅದು ಊರಿನ ಇನ್ನೊಂದು ಮಗ್ಗುಲು. ಆ ಒಂದು ಒತ್ತಿಗೆ ಆಟೋ ದುಡ್ಡು ಇನ್ನೂರೈವತ್ತರ ಹತ್ತಿರ ನೀರುಪಾಲಾಯಿತು, ಎರಡು ತಾಸೂ ಹೋಯಿತು.

ಈಗಿನ ಲೆಕ್ಕ ಹೀಗಿದೆ. ಇಳಿದ ಬಸ್ ಸ್ಟ್ಯಾಂಡಿನಿಂದಲೇ ಶುರು ಮಾಡುವುದು, ಒಂದೇ ಎಳೆ ಹಿಡಿಯುವುದು, ಆ ಎಳೆಗೆ ಬರದ ಜಾಗವನ್ನು ಎಷ್ಟೇ ಚಂದ ಇದ್ದರೂ ಬಿಡುವುದು. ಇದನ್ನು ಮೊದಲು ನಮ್ಮ ಊರಲ್ಲೇ ಪರೀಕ್ಷಿಸಿದ್ದೆ. ರಾಯಚೂರು ಬಸ್ ಸ್ಟ್ಯಾಂಡಿನಿಂದ ನಡೆದು ಹೋದರೆ ಕೋಟೆ ಸಿಗುತ್ತದೆ, ಅದರ ಗೋಡೆಯಲ್ಲಿ 1294ರ ಶಾಸನವಿರುವ 41 ಅಡಿ ಉದ್ದದ ಒಂದೇ ಕಲ್ಲು ಇದೆ. ದಿನಾ ಅದೇ ದಾರಿಯಲ್ಲಿ ಬಸ್ ಹಿಡಿಯುವ ಎಷ್ಟೋ ಮಂದಿ ಅದನ್ನು ನೋಡಿಲ್ಲ.

ಹೈದರಾಬಾದಿಗೆ ನಾನು ಹಿಡಿದ ಎಳೆ 1908ರ ಮೂಸಿ ಪ್ರವಾಹ. ಶನಿವಾರ ರಾತ್ರಿ ಊಟ ಮಾಡಿ ಬಸ್ ಹತ್ತಿದರೆ ಶಕ್ತಿನಗರ, ಮಕ್ತಲ್, ಮಹಬೂಬ್‌ನಗರ ದಾಟಿ ನಸುಕಿನ ಐದರ ಆಸುಪಾಸು ಇಮ್ಲಿಬನ್, ಅಂದರೆ ಹೈದರಾಬಾದಿನ ಮಹಾತ್ಮ ಗಾಂಧಿ ಬಸ್ ಸ್ಟ್ಯಾಂಡ್. ಹೆಣ್ಣುಮಕ್ಕಳಿಗೆ ಒಂದು ಮಾತು: ನಮ್ಮ ಶಕ್ತಿ ಯೋಜನೆ ಹೈದರಾಬಾದಿನವರೆಗೆ ನಡೆಯುವುದಿಲ್ಲ, ಅಲ್ಲಿನ ಪುಕ್ಕಟೆ ಬಸ್ಸೂ ತೆಲಂಗಾಣದ ವಿಳಾಸ ಇದ್ದವರಿಗೆ ಮಾತ್ರ. ಪೂರ್ತಿ ಟಿಕೆಟ್ಟಿನ ದುಡ್ಡು ಇಟ್ಟುಕೊಂಡೇ ಹೊರಡಿ.

ಬೆಳಕು ಹರಿಯುತ್ತಲೇ ಅಫ್ಜಲ್‌ಗಂಜ್ ಕಡೆ ನಡೆಯಬೇಕು. ಉಸ್ಮಾನಿಯಾ ಆಸ್ಪತ್ರೆಯ ಹಿಂದೆ ಹೊಳೆಯ ದಡಕ್ಕೆ ಒಂದು ಹುಣಸೆಮರ ಇದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿದಾಗ ಸುಮಾರು 150 ಜನ ಈ ಮರ ಹತ್ತಿ ಜೀವ ಉಳಿಸಿಕೊಂಡರು. "ಇಮ್ಲಿ ಕಾ ಝಾಡ್" ಅಂತ ಕೇಳಿದರೆ ತೋರಿಸುತ್ತಾರೆ. ರೋಗಿಗಳ ಕಡೆಯವರು ಅಲ್ಲೇ ಮಲಗಿರುತ್ತಾರೆ, ಫೋಟೋ ತೆಗೆಯುವಾಗ ಕ್ಯಾಮೆರಾ ಅವರತ್ತ ತಿರುಗಬಾರದು. ಆ ಪ್ರವಾಹ ಆದಮೇಲೆ ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದ್ದು ಅವರ ಯೋಜನೆಯಿಂದ. ಆ ಮರದ ಬುಡದಲ್ಲಿ ನಿಂತು ಇದನ್ನು ನೆನೆದರೆ ಕನ್ನಡದವರಿಗೆ ಮೈ ಜುಮ್ಮೆನ್ನದೆ ಇರದು.

ಅಲ್ಲಿಂದ ಪುರಾನಾ ಪುಲ್. ಅದೇ ಮೂಸಿಯ ಮೇಲಿನ 1578ರ ಸೇತುವೆ, ಚಾರ್‌ಮಿನಾರ್‌ಗಿಂತ 13 ವರ್ಷ ಹಳೆಯದು. ಈಗ ಅದರ ಮೇಲೆ ಕಾಯಿಪಲ್ಲೆ ಸಂತೆ. ಏಳರಿಂದ ಎಂಟರೊಳಗೆ ಹೋಗಬೇಕು, ಹೊತ್ತೇರಿದರೆ ಜನದಲ್ಲಿ ಸೇತುವೆಯೇ ಕಾಣುವುದಿಲ್ಲ. ಕಮಾನು ನೋಡಬೇಕಾದರೆ ದಡಕ್ಕೆ ಇಳಿಯಬೇಕು. ಎಲ್ಲಿಂದ ಇಳಿದರೆ ಒಂದೇ ನೋಟಕ್ಕೆ ಎಲ್ಲ ಕಮಾನು ಸಿಗುತ್ತವೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಹೋಗಿ ಹುಡುಕಿ. ಸೇತುವೆಯಿಂದ ಆಟೋದಲ್ಲಿ ಐವತ್ತು ಅರವತ್ತು ರೂಪಾಯಿ ಕೊಟ್ಟರೆ ಕಾರವಾನ್‌ನ ಟೋಲಿ ಮಸೀದಿ. ಇದೊಂದು ಎಳೆಗೆ ಬರುವುದಿಲ್ಲ, ದಾರಿಗೆ ಹತ್ತಿರ ಅಂತ ಬಿಡಲಿಲ್ಲ. ಕುತುಬ್‌ಶಾಹಿಗಳ ಕೊನೆಗಾಲದ, 1671ರ ಸುಮಾರಿನ ಕಟ್ಟಡ. ಮಿನಾರುಗಳ ಗಚ್ಚುಗಾರೆ ಕೆಲಸ ನೋಡಲು ಬೆಳಗಿನ ಓರೆ ಬಿಸಿಲೇ ಬೇಕು.

ವಾಪಸು ಬಂದು ಚಾರ್‌ಕಮಾನ್ ಹತ್ತಿರ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕಿಟ್. ಹತ್ತರ ಮೇಲೆ ಬಾದ್‌ಶಾಹಿ ಆಶೂರ್‌ಖಾನಾ, ಅಂದರೆ ಮೊಹರಂ ಶೋಕಾಚರಣೆಯ ಮನೆ. ಏಳಕ್ಕೆ ಹೋದ ಸಲ ಬಾಗಿಲು ಹಾಕಿತ್ತು, ಅದಕ್ಕೇ ಈ ಜಾಗವನ್ನು ಹಿಂದಕ್ಕೆ ಹಾಕಿದ್ದು. ಮದೀನಾ ಬಿಲ್ಡಿಂಗಿನ ಹತ್ತಿರವೇ ಇದ್ದರೂ ಅಂಗಡಿಗಳ ಮರೆಯಲ್ಲಿದೆ. ನಮ್ಮ ಕಡೆ ಅಲಾಯಿ ಹಬ್ಬದಲ್ಲಿ ಪೀರಲ ದೇವರ ಪಂಜಾ ಹಿಡಿಯುವವರಿಗೆ ಒಳಗಿನ ಆಲಂಗಳನ್ನು, ಅಂದರೆ ಅಂಥದೇ ಪಂಜಾಗಳನ್ನು, ಬಿಡಿಸಿ ಹೇಳಬೇಕಾಗಿಲ್ಲ. ತಲೆಗೆ ಟವೆಲ್ ಹಾಕಿಕೊಂಡು, ಅಲ್ಲಿನ ಹಿರಿಯರಿಗೆ ಸಲಾಂ ಹೇಳಿ ಕೇಳಿದರೆ ಗೋಡೆಯ ಹತ್ತಿರ ಬಿಡುತ್ತಾರೆ. ಗೋಡೆ ತುಂಬ ಕುತುಬ್‌ಶಾಹಿ ಕಾಲದ ಟೈಲ್ಸ್: ನೀಲಿ, ಹಳದಿ, ಹಸಿರು. ಮೇಲಿನ ಭಾಗದಲ್ಲಿ ಒಂದೊಂದು ಚೂರೂ ಬೇರೆ ಬೇರೆ ಕೊರೆದು ಜೋಡಿಸಿದ್ದು, ಸಂದು ಕಾಣುತ್ತದೆ, ಬೆಳಕು ಬಿದ್ದರೆ ಮಿಂಚುತ್ತದೆ. ಕೆಳಗೆ ಬಂದಂತೆ ಮಿಂಚು ಸತ್ತು ಬರೀ ಬಣ್ಣ ಉಳಿಯುತ್ತದೆ. 1908ರ ನೀರು ಕೆಳಗಿನ ಟೈಲ್ಸ್ ಕಿತ್ತುಕೊಂಡು ಹೋಯಿತು, ಆಮೇಲೆ ಅಲ್ಲಿ ಅದೇ ನಮೂನೆಯನ್ನು ಬಣ್ಣದಲ್ಲಿ ಬರೆದರು. ಮಿಂಚು ಎಲ್ಲಿ ನಿಲ್ಲುತ್ತದೆ ಅಂತ ಕಣ್ಣಲ್ಲೇ ಗೆರೆ ಎಳೆಯಬಹುದು. ಇಡೀ ದಿನದಲ್ಲಿ ಒಂದೇ ಜಾಗ ನೋಡುವಷ್ಟು ಹೊತ್ತಿದ್ದರೆ ಇದನ್ನೇ ನೋಡಿ. ಮೊಹರಂ ದಿನಗಳಲ್ಲಿ ಮಾತ್ರ ಬರೀ ನೋಡಲು ಅಂತ ಹೋಗಬೇಡಿ, ಅದು ಅವರ ಶೋಕದ ಹೊತ್ತು.

ಎಳೆ ಇಲ್ಲಿಗೆ ಮುಗಿಯಿತು. ಮಧ್ಯಾಹ್ನದಿಂದ ಮುಂದಿನದು ಕಾಲಲ್ಲಿ ಕಸುವು ಇದ್ದವರಿಗೆ. ಪೈಗಾ ಸಮಾಧಿಗೆ ಆಟೋದವರ ಹತ್ತಿರ "ಪಿಸಲ್ ಬಂಡಾ, ಸಂತೋಷ್‌ನಗರ" ಅನ್ನಿ. ನೂರೈವತ್ತು ಕೇಳುತ್ತಾರೆ, ನೂರಕ್ಕೆ ಬರುತ್ತಾರೆ. ನಮ್ಮ ಕಡೆಯ ದಖನಿ ಉರ್ದು ಅಲ್ಲಿ ರೊಕ್ಕ ಉಳಿಸುತ್ತದೆ. ಅಮೃತಶಿಲೆಯ ಜಾಲಂಧ್ರಗಳಲ್ಲಿ ಒಂದರ ನಮೂನೆ ಇನ್ನೊಂದಕ್ಕಿಲ್ಲ. ಅಲ್ಲಿಂದ ಅಸ್ಮಾನ್‌ಗಢದ ರೇಮಂಡ್ ಸಮಾಧಿ. ನಿಜಾಮರ ದಂಡಿನಲ್ಲಿದ್ದ ಫ್ರೆಂಚ್ ಸೇನಾಪತಿ, ತೀರಿಕೊಂಡದ್ದು 1798ರಲ್ಲಿ. ಮೂಸಾರಾಮ್‌ಬಾಗ್ ಅನ್ನುವ ಹೆಸರು ಬಂದದ್ದೇ ಅವನಿಂದ ಅನ್ನುತ್ತಾರೆ. "ರೇಮಂಡ್" ಅಂತ ಕೇಳಿದರೆ ಸೂಟಿನ ಬಟ್ಟೆ ಅಂಗಡಿ ತೋರಿಸುತ್ತಾರೆ, "ಅಸ್ಮಾನ್‌ಗಢ್" ಅನ್ನಬೇಕು. ಆಮೇಲೆ ಮೂಸಾರಾಮ್‌ಬಾಗ್‌ನಲ್ಲಿ ಮೆಟ್ರೋ ಹತ್ತಿ, ಇಮ್ಲಿಬನ್‌ನ ಎಂ.ಜಿ. ಬಸ್ ಸ್ಟೇಷನ್ ಮೆಟ್ರೋದಲ್ಲಿ ಹಸಿರು ಲೈನಿಗೆ ಬದಲಿಸಿ, ಗಾಂಧಿ ಆಸ್ಪತ್ರೆಯಲ್ಲಿ ಇಳಿದರೆ ಬನ್ಸಿಲಾಲ್‌ಪೇಟೆಯ ಮೆಟ್ಟಿಲುಬಾವಿ. ವರ್ಷಗಟ್ಟಲೆ ಕಸ ತುಂಬಿದ್ದ ಬಾವಿ ಅದು, ಹೂಳೆತ್ತಿ 2022ರ ಡಿಸೆಂಬರಿನಲ್ಲಿ ತೆರೆದರು.

ಒಂದು ಸಲ ಬಾವಿಯ ಬದಲು ಉಸ್ಮಾನ್ ಸಾಗರ ಇರುವ ಗಂಡಿಪೇಟೆಗೆ ಹೋಗಿ ವಿಶ್ವೇಶ್ವರಯ್ಯನವರ ಎಳೆಯನ್ನು ಪೂರ್ತಿ ಮಾಡೋಣ ಅಂತ ಮೆಹದಿಪಟ್ಟಣಂನಿಂದ ಬಸ್ ಹಿಡಿದೆ. ಹೋಗಿ ಬರುವುದರಲ್ಲಿ ಅರ್ಧ ದಿನ ನುಂಗಿತು, ಒಂದು ದಿನದ ಲೆಕ್ಕಕ್ಕೆ ಅದು ಕೂಡುವುದಿಲ್ಲ. ಇನ್ನೊಂದು ಸಲ ಅಬಿಡ್ಸ್‌ನ ಭಾನುವಾರದ ಹಳೇ ಪುಸ್ತಕದ ಸಾಲು. ಅದು ಕೂಡುತ್ತದೆ, ಆದರೆ ಹೊರುವ ಭಾರಕ್ಕೆ ಹೆಗಲು ಹರಿಯುತ್ತದೆ. ಪುಸ್ತಕವನ್ನು ಕೊನೆಗೆ ಇಟ್ಟುಕೊಳ್ಳಿ.

ಖರ್ಚು, ನೆನಪಿದ್ದಂತೆ: ಬಸ್ ಹೋಗಿ ಬರಲು ಎಂಟುನೂರರ ಹತ್ತಿರ, ಆಟೋ ಐದುನೂರು, ಮೆಟ್ರೋ ಎಪ್ಪತ್ತು ಎಂಬತ್ತು, ಊಟ ಚಹಾ ಮುನ್ನೂರು. ಒಟ್ಟು ಸಾವಿರದ ಏಳುನೂರು ದಾಟಿಲ್ಲ. ಕಾರು ಮಾಡಿಕೊಂಡು ಹೋದ ನಮ್ಮ ಓಣಿಯವರು ಆರೇಳು ಸಾವಿರ ಕಳೆದು ಗೋಲ್ಕೊಂಡ ಒಂದನ್ನೇ ನೋಡಿ ಬಂದರು. ನಡಿಗೆ ಹತ್ತು ಕಿಲೋಮೀಟರ್ ಆಗುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಬೇಡ. ರಾತ್ರಿ ಹತ್ತರ ಮೇಲಿನ ಬಸ್ಸಿಗೆ ಸೀಟು ಹೋಗುವಾಗಲೇ ಕಾಯ್ದಿರಿಸಿ. ಭಾನುವಾರ ರಾತ್ರಿ ಇಮ್ಲಿಬನ್‌ನಲ್ಲಿ ರಾಯಚೂರಿನ ಬಸ್ಸಿಗೆ ನಿಂತೇ ಬರುವವರು ಬಹಳ ಮಂದಿ.