ಬಂದಿರಬೇಕು, ಬರಬೇಕಿತ್ತು, ಬರಬೇಕಾಯಿತು: ಇಂಗ್ಲಿಷ್ ಮೋಡಲ್‌ಗಳ ಅಭ್ಯಾಸ ಹೀಗೆ ಮಾಡಿ

ಶಾಲೆಯಲ್ಲಿ ಮೋಡಲ್ಸ್, ಅಂದರೆ ಸಾಧ್ಯತೆ, ಅಗತ್ಯ, ಊಹೆ ಹೇಳುವ ಸಹಾಯಕ ಕ್ರಿಯಾಪದಗಳ ಪಾಠ ಮುಗಿದಾಗ ಹೆಚ್ಚಿನವರ ನೋಟ್‌ಬುಕ್ಕಿನಲ್ಲಿ ಉಳಿಯುವುದು ಒಂದು ಪಟ್ಟಿ: ಕ್ಯಾನ್ ಅಂದರೆ ಸಾಧ್ಯ, ಮೇ ಅಂದರೆ ಬಹುದು, ಮಸ್ಟ್ ಅಂದರೆ ಬೇಕು. ಇವತ್ತಿನ, ನಾಳೆಯ ಮಾತಿಗೆ ಇದು ಹೇಗೋ ಸಾಕಾಗುತ್ತದೆ. ನಿನ್ನೆಯ ವಿಷಯ ಹೇಳಹೊರಟರೆ ಕೈಕೊಡುತ್ತದೆ. 'ಅವನು ನಿನ್ನೆ ಬರಬೇಕಿತ್ತು', 'ಅವನು ನಿನ್ನೆ ಬಂದಿರಬೇಕು', 'ಅವನು ನಿನ್ನೆ ಬರಬೇಕಾಯಿತು'. ಮೂರರಲ್ಲೂ 'ಬೇಕು' ಇದೆ, ಆದರೆ ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ ರೂಪ. ಮೊದಲನೆಯದು 'ಹೀ ಶುಡ್ ಹ್ಯಾವ್ ಕಮ್': ಅವನು ಬರಲಿಲ್ಲ. ಎರಡನೆಯದು 'ಹೀ ಮಸ್ಟ್ ಹ್ಯಾವ್ ಕಮ್': ಬಂದನೆಂದು ನಮ್ಮ ಊಹೆ. ಮೂರನೆಯದು 'ಹೀ ಹ್ಯಾಡ್ ಟು ಕಮ್': ಬೇರೆ ದಾರಿಯಿಲ್ಲದೆ ಬಂದ.

ಕನ್ನಡ ಮಾತಾಡುವವರಿಗೆ ಈ ಮೂರರ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಿಲ್ಲ, ಅದು ನಾಲಿಗೆಯಲ್ಲೇ ಇದೆ. ಆದ್ದರಿಂದ ಬಿಡಿ ಪದಗಳ ಅರ್ಥ ಬಾಯಿಪಾಠ ಮಾಡುವುದನ್ನು ಬಿಟ್ಟು, ಕನ್ನಡ ಕ್ರಿಯಾಪದದ ಬಾಲವನ್ನು ಹಿಡಿದು ಅದಕ್ಕೆ ತಕ್ಕ ಇಂಗ್ಲಿಷ್ ರೂಪವನ್ನು ಜೋಡಿಸಿಕೊಳ್ಳಬೇಕು. ಇಲ್ಲಿನ ಅಭ್ಯಾಸಗಳೆಲ್ಲ ಆ ದಾರಿಯವು.

ಮೊದಲು ವಾಕ್ಯದ ಕಟ್ಟು

ಮೋಡಲ್ ಆದ ಮೇಲೆ ಕ್ರಿಯಾಪದದ ಮೂಲರೂಪ ಬರುತ್ತದೆ. ನಡುವೆ 'ಟು' ಬೇಡ, 'ಆಟ್ ಟು' (ought to) ಒಂದೇ ಇದಕ್ಕೆ ಹೊರತು. ಹೀ, ಶಿ ಇದ್ದರೂ 'ಎಸ್' ಸೇರುವುದಿಲ್ಲ. ಪ್ರಶ್ನೆಗೆ 'ಡು' ಬೇಡ. ಒಂದು ಮೋಡಲ್‌ನ ಬೆನ್ನಿಗೆ ಇನ್ನೊಂದು ಮೋಡಲ್ ನಿಲ್ಲುವುದಿಲ್ಲ. ಇಷ್ಟು ತಿಳಿದರೆ ನಮ್ಮಲ್ಲಿ ದಿನವೂ ಕಿವಿಗೆ ಬೀಳುವ ಮೂರು ತಪ್ಪುಗಳು ತಾವಾಗಿಯೇ ಹೋಗುತ್ತವೆ. 'ಐ ಕ್ಯಾನ್ ಏಬಲ್ ಟು ಡು' ಎಂಬಲ್ಲಿ 'ಕ್ಯಾನ್' ಮತ್ತು 'ಏಬಲ್ ಟು' ಒಂದೇ ಕೆಲಸದವು, ಒಂದನ್ನು ಇಟ್ಟುಕೊಳ್ಳಿ: 'ಐ ಕ್ಯಾನ್ ಡು' ಅಥವಾ 'ಐ ಆಮ್ ಏಬಲ್ ಟು ಡು'. 'ಯು ಮಸ್ಟ್ ಅಂಡ್ ಶುಡ್ ಕಮ್' ಎಂಬುದು ನಮ್ಮ ಕಡೆಯ ಆಗ್ರಹದ ಮಾತು. ಹೊರಗಿನವರಿಗೆ 'ಯು ರಿಯಲಿ ಮಸ್ಟ್ ಕಮ್' ಎಂದರೆ ಅದೇ ಒತ್ತಾಯ ಮುಟ್ಟುತ್ತದೆ. 'ಮೈಟ್ ಬಿ ಹೀ ಹ್ಯಾಸ್ ಗಾನ್' ಎನ್ನುವಾಗ ನಾವು 'ಬಹುಶಃ'ವನ್ನು ವಾಕ್ಯದ ತಲೆಗೆ ತಂದಿರುತ್ತೇವೆ. ಆ ಜಾಗ 'ಮೇಬಿ'ಗೆ ಮಾತ್ರ. 'ಮೈಟ್' ಕರ್ತೃವಿನ ನಂತರವೇ ಬರಬೇಕು: 'ಹೀ ಮೈಟ್ ಹ್ಯಾವ್ ಗಾನ್'.

ಭೂತಕಾಲಕ್ಕೆ ಮೋಡಲ್, 'ಹ್ಯಾವ್', ಕ್ರಿಯಾಪದದ ಮೂರನೆಯ ರೂಪ, ಈ ಕ್ರಮ. 'ಶಿ ಮಸ್ಟ್ ಹ್ಯಾಸ್' ಎಂದು ಎಂದೂ ಆಗದು, ಏಕೆಂದರೆ ಮೋಡಲ್ ಆದ ಮೇಲೆ ಬರುವ 'ಹ್ಯಾವ್' ಕೂಡ ಮೂಲರೂಪವೇ. ಹೆಚ್ಚಿನವರು ಎಡವುವುದು ಮೂರನೆಯ ರೂಪದಲ್ಲಿ: 'ಮಸ್ಟ್ ಹ್ಯಾವ್ ವೆಂಟ್', 'ಮಸ್ಟ್ ಹ್ಯಾವ್ ಫರ್ಗಾಟ್', 'ಮಸ್ಟ್ ಹ್ಯಾವ್ ಟುಕ್'. ಊಹೆಯ ಮಾತಿನಲ್ಲಿ ಪದೇ ಪದೇ ಬೇಕಾಗುವ ಗಾನ್, ಸೀನ್, ಟೇಕನ್, ಫರ್ಗಾಟನ್, ಲೆಫ್ಟ್, ಲಾಸ್ಟ್, ಫಾಲನ್, ಬ್ರೋಕನ್, ಟೋಲ್ಡ್, ಕೆಪ್ಟ್, ಬ್ರಾಟ್, ಥಾಟ್, ಈಟನ್, ರಿಟನ್, ಕಮ್ ಇವಿಷ್ಟನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ.

ಒಂದೇ ಕ್ರಿಯಾಪದ, ಒಂಬತ್ತು ಬಾಲ

ನೋಟ್‌ಬುಕ್ಕಿನ ಒಂದು ಪುಟದಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆಯಿರಿ.

ಹೋಗಿರಬೇಕು – ಮಸ್ಟ್ ಹ್ಯಾವ್ ಗಾನ್
ಹೋಗಿರಬಹುದು – ಮೈಟ್ ಹ್ಯಾವ್ ಗಾನ್
ಹೋಗಿರಲಿಕ್ಕಿಲ್ಲ – ಮೈಟ್ ನಾಟ್ ಹ್ಯಾವ್ ಗಾನ್
ಹೋಗಿರಲು ಸಾಧ್ಯವೇ ಇಲ್ಲ – ಕಾಂಟ್ ಹ್ಯಾವ್ ಗಾನ್
ಹೋಗಬೇಕಿತ್ತು – ಶುಡ್ ಹ್ಯಾವ್ ಗಾನ್
ಹೋಗಬಾರದಿತ್ತು – ಶುಡಂಟ್ ಹ್ಯಾವ್ ಗಾನ್
ಹೋಗಬಹುದಿತ್ತು – ಕುಡ್ ಹ್ಯಾವ್ ಗಾನ್
ಹೋಗಬೇಕಾಯಿತು – ಹ್ಯಾಡ್ ಟು ಗೋ
ಹೋಗಲು ಆಗಲಿಲ್ಲ – ಕುಡಂಟ್ ಗೋ

ಎಡಗಡೆಯ ಸಾಲಿನಲ್ಲಿ 'ಇರು' ಎಲ್ಲಿದೆ ನೋಡಿ. 'ಹೋಗಿ-ಇರ-ಬೇಕು', 'ಹೋಗಿ-ಇರ-ಬಹುದು' ಎಂಬಲ್ಲಿ 'ಇರು' ಮೊದಲು, 'ಬೇಕು', 'ಬಹುದು' ಆಮೇಲೆ. ಹಾಗಿದ್ದರೆ ಅದು ಊಹೆ. 'ಹೋಗಬೇಕು-ಇತ್ತು', 'ಹೋಗಬಹುದು-ಇತ್ತು' ಎಂಬಲ್ಲಿ 'ಇತ್ತು' ಕೊನೆಗೆ. ಹಾಗಿದ್ದರೆ ಸಾಮಾನ್ಯವಾಗಿ ಅದು ಆಗದೆ ಉಳಿದ ಕೆಲಸ. ಕನ್ನಡ ಜಾಗ ಬದಲಿಸಿ ಹೇಳುವುದನ್ನು ಇಂಗ್ಲಿಷ್ ಮೋಡಲ್ ಬದಲಿಸಿ ಹೇಳುತ್ತದೆ: ಊಹೆಗೆ 'ಮಸ್ಟ್', 'ಮೈಟ್', ಆಗದ್ದಕ್ಕೆ 'ಶುಡ್', 'ಕುಡ್'. 'ಬೇಕು' ಕಂಡಲ್ಲೆಲ್ಲ 'ಮಸ್ಟ್' ಹಾಕುವ ಚಟ ಬಿಡಿಸಲು ಇದಕ್ಕಿಂತ ಸುಲಭದ ಗುರುತು ಇಲ್ಲ.

ಎರಡು ಕಡೆ ಎಚ್ಚರ ಬೇಕು. 'ಕುಡ್ ಹ್ಯಾವ್' ಇಂಗ್ಲಿಷಿನಲ್ಲಿ 'ಹೋಗಿರಬಹುದು' ಎಂಬ ಊಹೆಗೂ ಬಳಕೆಯಾಗುತ್ತದೆ. ಓದುವಾಗ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಿ. ಮಾತಾಡುವಾಗ ಊಹೆಗೆ 'ಮೈಟ್ ಹ್ಯಾವ್', ಕೈತಪ್ಪಿದ ಅವಕಾಶಕ್ಕೆ 'ಕುಡ್ ಹ್ಯಾವ್' ಎಂದು ಬೇರೆಯಾಗಿ ಇಟ್ಟುಕೊಂಡರೆ ಗೊಂದಲವಿಲ್ಲ. ಇನ್ನೊಂದು, 'ಹೋಗಬೇಕಾಗಿತ್ತು'. 'ಬ್ಯಾಂಕಿಗೆ ಹೋಗಬೇಕಾಗಿತ್ತು, ಅದಕ್ಕೇ ತಡವಾಯಿತು' ಎಂದರೆ ಹೋಗಿದ್ದಾಗಿದೆ, ಅಲ್ಲಿ 'ಹ್ಯಾಡ್ ಟು ಗೋ'. 'ಬ್ಯಾಂಕಿಗೆ ಹೋಗಬೇಕಾಗಿತ್ತು, ಮರೆತೇ ಹೋಯಿತು' ಎಂದರೆ ಹೋಗಿಲ್ಲ, ಅಲ್ಲಿ 'ವಾಸ್ ಸಪೋಸ್ಡ್ ಟು ಗೋ' ಅಥವಾ 'ಶುಡ್ ಹ್ಯಾವ್ ಗಾನ್'. ಬಾಯಿ ತೆರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಕೆಲಸ ಆಯಿತೋ, ಇಲ್ಲವೋ?

ದಿನಕ್ಕೆ ಒಂದು ಕ್ರಿಯಾಪದ ಹಿಡಿದು ಈ ಬಾಲಗಳನ್ನು ಜೋರಾಗಿ ಹೇಳಿ (ಯಾವ ವಾರ ಯಾವುದು ಎಂಬುದು ಕೊನೆಯಲ್ಲಿದೆ): ಇವತ್ತು ಗೋ, ನಾಳೆ ಸೀ, ನಾಡಿದ್ದು ಫರ್ಗೆಟ್. ಎಡಗಡೆ ಮುಚ್ಚಿಕೊಂಡು ಒಮ್ಮೆ, ಬಲಗಡೆ ಮುಚ್ಚಿಕೊಂಡು ಒಮ್ಮೆ. ಐದು ನಿಮಿಷ ಸಾಕು.

ಊಹೆ ಕಟ್ಟುವ ಅಭ್ಯಾಸ

ಖಾಲಿ ಬಿಟ್ಟ ಸ್ಥಳ ತುಂಬಿಸುವ ಲೆಕ್ಕಗಳಿಂದ ಊಹೆಯ ಮೋಡಲ್ ಬಾಯಿಗೆ ಬರುವುದಿಲ್ಲ. ಊಹೆಗೆ ಸಾಕ್ಷಿ ಬೇಕು, ಸಾಕ್ಷಿಯ ತೂಕ ನೋಡಿ ಮೋಡಲ್ ಆರಿಸಬೇಕು. ಆದ್ದರಿಂದ ಕಣ್ಣೆದುರಿನ ಒಂದು ದೃಶ್ಯವನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಒಂಬತ್ತು ಗಂಟೆ. ಎದುರುಮನೆಯ ಗೇಟಿಗೆ ಬೀಗ. ಎರಡು ಹಾಲಿನ ಪ್ಯಾಕೆಟ್ ಬಾಗಿಲ ಬಳಿ ಬಿದ್ದಿವೆ, ಒಂದರ ಮೂಲೆಯಲ್ಲಿ ಹಲ್ಲಿನ ಗುರುತು, ಹಾಲು ಮೆಟ್ಟಿಲ ಮೇಲೆ ಹರಿದಿದೆ. ಹೊಸಿಲ ಮುಂದೆ ಇವತ್ತಿನ ರಂಗೋಲಿ ಇಲ್ಲ, ನಿನ್ನೆಯದು ಅರ್ಧ ಅಳಿಸಿದೆ. ವರಾಂಡದ ದೀಪ ಇನ್ನೂ ಉರಿಯುತ್ತಿದೆ. ಬೈಕ್ ಅಲ್ಲೇ ನಿಂತಿದೆ, ಕಾರು ಇಲ್ಲ.

ದೀಪ ಉರಿಯುತ್ತಿದೆ, ರಂಗೋಲಿ ಇಲ್ಲ. ಎರಡೂ ಒಂದೇ ಕಡೆ ಬೊಟ್ಟು ಮಾಡುತ್ತವೆ: 'ದೇ ಮಸ್ಟ್ ಹ್ಯಾವ್ ಲೆಫ್ಟ್ ಲಾಸ್ಟ್ ನೈಟ್'. ಬೈಕ್ ಇಲ್ಲೇ ಇದೆ, ಹಾಗಾಗಿ 'ದೇ ಕಾಂಟ್ ಹ್ಯಾವ್ ಗಾನ್ ಬೈ ಬೈಕ್'. ಎಲ್ಲಿಗೆ ಹೋದರೆಂಬುದಕ್ಕೆ ಗುರುತೇನೂ ಇಲ್ಲ, ಹಲವು ಸಾಧ್ಯತೆಗಳಲ್ಲಿ ಊರೂ ಒಂದು: 'ದೇ ಮೈಟ್ ಹ್ಯಾವ್ ಗಾನ್ ಟು ದೇರ್ ವಿಲೇಜ್'. ಹಲ್ಲಿನ ಗುರುತು ನೋಡಿ 'ಎ ಕ್ಯಾಟ್ ಮಸ್ಟ್ ಹ್ಯಾವ್ ಟೋರ್ನ್ ದಿ ಪ್ಯಾಕೆಟ್' ಎನ್ನಬಹುದು. ಪ್ಯಾಕೆಟ್ಟನ್ನೇ ಮೊದಲಿಟ್ಟರೆ 'ದಿ ಪ್ಯಾಕೆಟ್ ಮಸ್ಟ್ ಹ್ಯಾವ್ ಬೀನ್ ಟೋರ್ನ್ ಬೈ ಎ ಕ್ಯಾಟ್'. ದೀಪ ಆರಿಸುವುದನ್ನೂ ಮರೆತಿದ್ದಾರೆ: 'ದೇ ಮಸ್ಟ್ ಹ್ಯಾವ್ ಬೀನ್ ಇನ್ ಎ ಹರಿ'. 'ದೇ ಶುಡ್ ಹ್ಯಾವ್ ಟೋಲ್ಡ್ ದಿ ಮಿಲ್ಕ್‌ಮ್ಯಾನ್' ಎಂದರೆ ಮಾತ್ರ ಊಹೆಯಲ್ಲ, ಹಾಲಿನವನಿಗೆ ಹೇಳಿಹೋಗಬೇಕಿತ್ತು ಎಂಬ ಆಕ್ಷೇಪ.

ಪ್ರತಿ ವಾಕ್ಯಕ್ಕೂ 'ಬಿಕಾಸ್' ಸೇರಿಸಿ ಸಾಕ್ಷಿ ಹೇಳಿ. ಸಾಕ್ಷಿ ಹೇಳಲು ಬರದಿದ್ದರೆ ನೀವು ಹಾಕಿದ 'ಮಸ್ಟ್' ಅತಿಯಾಯಿತು, 'ಮೈಟ್'ಗೆ ಇಳಿಯಿರಿ. ಹಾಗೆಯೇ ಅವರು ಹೊರಟಿದ್ದನ್ನು ಕಣ್ಣಾರೆ ಕಂಡಿದ್ದರೆ 'ಮಸ್ಟ್' ಬೇಡವೇ ಬೇಡ, 'ದೇ ಲೆಫ್ಟ್ ಲಾಸ್ಟ್ ನೈಟ್' ಸಾಕು. ಈಗ ಊರಿನಲ್ಲಿರಬೇಕು ಎಂಬ ಇವತ್ತಿನ ಊಹೆಗೆ 'ಹ್ಯಾವ್' ಬರುವುದಿಲ್ಲ: 'ದೇ ಮಸ್ಟ್ ಬಿ ಇನ್ ದೇರ್ ವಿಲೇಜ್ ನೌ'.

ಹಳೆಯ ಫೋಟೊ, ಪತ್ರಿಕೆಯ ಚಿತ್ರ, ಯಾರೂ ಇಲ್ಲದ ಅಡುಗೆಮನೆ, ನಿಂತುಹೋದ ಬಸ್ಸು ಯಾವುದಾದರೂ ಆದೀತು. 'ಮಸ್ಟ್', 'ಮೈಟ್', 'ಕಾಂಟ್' ಈ ಮೂರು ತೂಕದ ಒಂದೊಂದು ವಾಕ್ಯ ದಿನಾ ಕಟ್ಟಿ.

'ಮಸ್ಟ್ ಹ್ಯಾವ್' ಊಹೆಯ ನಿಷೇಧವನ್ನು ಅನೇಕರು 'ಮಸಂಟ್ ಹ್ಯಾವ್' ಎಂದುಬಿಡುತ್ತಾರೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ಅದಕ್ಕೆ ಇರುವ ರೂಪ 'ಕಾಂಟ್ ಹ್ಯಾವ್' ಅಥವಾ 'ಕುಡಂಟ್ ಹ್ಯಾವ್'. ಅಮೆರಿಕದವರ ಮಾತಿನಲ್ಲಿ 'ಹೀ ಮಸ್ಟ್ ನಾಟ್ ಹ್ಯಾವ್ ಹರ್ಡ್ ಮಿ' ಎಂಬುದೂ ಸಹಜ, ಅವನಿಗೆ ಖಂಡಿತ ಕೇಳಿಸಿಲ್ಲ ಎಂಬ ಊಹೆಯ ಅರ್ಥದಲ್ಲಿ.

ಕೇಂಬ್ರಿಡ್ಜ್‌ನ ಬಿ2 ಫಸ್ಟ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಕೂರುವವರಿಗೆ ಇದೇ ವಿಷಯ ಇನ್ನೊಂದು ವೇಷದಲ್ಲಿ ಎದುರಾಗುತ್ತದೆ. ಯೂಸ್ ಆಫ್ ಇಂಗ್ಲಿಷ್‌ನ 4ನೇ ಭಾಗದಲ್ಲಿ 6 ವಾಕ್ಯಗಳಿರುತ್ತವೆ. ಕೊಟ್ಟ ಪದವನ್ನು ಬದಲಿಸದೆ, ಅದೂ ಸೇರಿ 2ರಿಂದ 5 ಪದಗಳಿಂದ ಎರಡನೆಯ ವಾಕ್ಯದ ಖಾಲಿ ಜಾಗ ತುಂಬಿ ಅದೇ ಅರ್ಥ ತರಬೇಕು. 'ಐ ಆಮ್ ಶೂರ್ ಶಿ ಫರ್ಗಾಟ್ ದಿ ಕೀ' ಎಂಬುದು 'ಶಿ ಮಸ್ಟ್ ಹ್ಯಾವ್ ಫರ್ಗಾಟನ್ ದಿ ಕೀ' ಆಗುತ್ತದೆ, 'ಪರ್‌ಹ್ಯಾಪ್ಸ್ ದೇ ಮಿಸ್ಡ್ ದಿ ಟ್ರೇನ್' ಎಂಬುದು 'ದೇ ಮೈಟ್ ಹ್ಯಾವ್ ಮಿಸ್ಡ್ ದಿ ಟ್ರೇನ್'. ಶೂರ್ ಇದ್ದರೆ 'ಮಸ್ಟ್', ಶೂರ್ ಜೊತೆ 'ಡಿಡಂಟ್' ಇದ್ದರೆ 'ಕಾಂಟ್', ಪರ್‌ಹ್ಯಾಪ್ಸ್ ಇದ್ದರೆ 'ಮೈಟ್'. ಪರೀಕ್ಷೆ ಬರೆಯದವರಿಗೂ ಇದು ಒಳ್ಳೆಯ ಕಸರತ್ತು.

ಬರುತ್ತಿತ್ತೋ, ಆಯಿತೋ

ಭೂತಕಾಲದ ಸಾಮರ್ಥ್ಯ ಹೇಳುವಾಗ ಎಲ್ಲ ಕಡೆ 'ಕುಡ್' ಹಾಕುವುದು ಭಾರತದ ಇಂಗ್ಲಿಷಿನಲ್ಲಿ ಬೇರೂರಿದ ರೂಢಿ. 'ನಿನ್ನೆ ಮ್ಯಾನೇಜರನ್ನು ಭೇಟಿಯಾಗಲು ಆಯಿತು' ಎನ್ನಲು 'ಐ ಕುಡ್ ಮೀಟ್ ದಿ ಮ್ಯಾನೇಜರ್ ಯೆಸ್ಟರ್ಡೇ' ಎನ್ನುತ್ತೇವೆ. ಹೊರದೇಶದ ಕೇಳುಗರಿಗೆ ಭೇಟಿಯಾಯಿತೋ ಇಲ್ಲವೋ ಎಂಬುದು ಅದರಿಂದ ತಿಳಿಯುವುದಿಲ್ಲ. ಇಲ್ಲೂ ಕನ್ನಡದ ಬಾಲ ನೆರವಿಗೆ ಬರುತ್ತದೆ. 'ಚಿಕ್ಕಂದಿನಲ್ಲಿ ಈಜಲು ಬರುತ್ತಿತ್ತು' ಎಂದು ಇದ್ದ ವಿದ್ಯೆಯನ್ನು ಹೇಳುವಾಗ 'ಐ ಕುಡ್ ಸ್ವಿಮ್'. 'ಆವತ್ತು ದಡ ಸೇರಲು ಆಯಿತು' ಎಂದು ಒಂದು ಸಲದ ಯಶಸ್ಸನ್ನು ಹೇಳುವಾಗ 'ಐ ವಾಸ್ ಏಬಲ್ ಟು ರೀಚ್ ದಿ ಬ್ಯಾಂಕ್'. ಪಟ್ಟುಬಿದ್ದು ಸಾಧಿಸಿದ್ದಾದರೆ 'ಐ ಮ್ಯಾನೇಜ್ಡ್ ಟು ರೀಚ್'. ತತ್ಕಾಲ್ ಟಿಕೆಟ್ ಸಿಕ್ಕಿದ ದಿನ 'ಐ ಮ್ಯಾನೇಜ್ಡ್ ಟು ಬುಕ್ ಎ ಟಿಕೆಟ್' ಎಂಬುದೇ ಸರಿಯಾದ ಮಾತು.

ನಿಷೇಧದಲ್ಲಿ ಈ ಭೇದವಿಲ್ಲ. 'ಈಜಲು ಬರುತ್ತಿರಲಿಲ್ಲ', 'ಟಿಕೆಟ್ ಮಾಡಿಸಲು ಆಗಲಿಲ್ಲ' ಎರಡಕ್ಕೂ 'ಕುಡಂಟ್' ನಡೆಯುತ್ತದೆ. ಸೀ, ಹಿಯರ್, ಸ್ಮೆಲ್, ರಿಮೆಂಬರ್, ಅಂಡರ್‌ಸ್ಟ್ಯಾಂಡ್ ಇಂಥ ಇಂದ್ರಿಯ, ಮನಸ್ಸಿನ ಕ್ರಿಯಾಪದಗಳಿಗೆ ಒಂದು ಸಲದ ಮಾತಾದರೂ 'ಕುಡ್' ಸರಿಯೇ: 'ಐ ಕುಡ್ ಸ್ಮೆಲ್ ಗ್ಯಾಸ್'. ಮುಂದೆ ಬರಲಿರುವ ವಿದ್ಯೆಗೆ 'ವಿಲ್ ಬಿ ಏಬಲ್ ಟು', ಏಕೆಂದರೆ 'ವಿಲ್ ಕ್ಯಾನ್' ಎಂಬುದು ಇಲ್ಲ.

ಅಭ್ಯಾಸಕ್ಕೆ ಜೋಡಿ ವಾಕ್ಯಗಳನ್ನು ಬರೆಯಿರಿ, ಮೊದಲು ಇದ್ದ ವಿದ್ಯೆ, ಆಮೇಲೆ ಒಂದು ಸಲದ ಫಲ: 'ಹೀ ಕುಡ್ ರನ್ ಫಾಸ್ಟ್, ಸೋ ಹೀ ವಾಸ್ ಏಬಲ್ ಟು ಕ್ಯಾಚ್ ದಿ ಬಸ್'.

ವರ್ತಮಾನದಲ್ಲಿ ಒಂದು ಜೋಡಿ ಮಾತ್ರ ತಪ್ಪಿದರೆ ಅನರ್ಥ. 'ಬಾರದು' ಎಂದರೆ 'ಮಸಂಟ್', 'ಬೇಕಿಲ್ಲ' ಎಂದರೆ 'ಡೋಂಟ್ ಹ್ಯಾವ್ ಟು'. ದುಡ್ಡು ಕೊಡಬೇಕಿಲ್ಲ ಎನ್ನಲು 'ಯು ಮಸಂಟ್ ಪೇ' ಎಂದರೆ ಕೊಡಲೇಬಾರದು ಎಂದು ತಡೆದಂತಾಯಿತು.

ಕಿವಿ ಮತ್ತು ನಾಲಿಗೆ

ಬರೆದದ್ದು ಸರಿಯಿದ್ದರೂ ಕೇಳುವಾಗ 'ಹ್ಯಾವ್' ಸಿಗುವುದೇ ಇಲ್ಲ, ಅದು ಮೋಡಲ್‌ಗೆ ಅಂಟಿಕೊಂಡು ಮಸ್ಟವ್, ಶುಡವ್, ಕುಡವ್ ಆಗುತ್ತದೆ. ಇಂಗ್ಲಿಷ್ ತಾಯ್ನುಡಿಯವರಲ್ಲೇ ಕೆಲವರು ಈ ದನಿಯನ್ನು ನಂಬಿ 'ಹ್ಯಾವ್' ಇರಬೇಕಾದಲ್ಲಿ 'ಆಫ್' ಎಂದು ಬರೆದುಬಿಡುತ್ತಾರೆ. ಮೊಬೈಲಿನಲ್ಲಿ ನಿಮ್ಮ ವಾಕ್ಯಗಳನ್ನು ರೆಕಾರ್ಡ್ ಮಾಡಿ ಕೇಳಿ. 'ಮಸ್ಟ್' ಒಂದು, 'ಹ್ಯಾವ್' ಒಂದು ಎಂದು ಬಿಡಿಬಿಡಿಯಾಗಿ ಕೇಳಿಸಿದರೆ ಮತ್ತೆ ಹೇಳಿ.

'ಕ್ಯಾನ್' ಇನ್ನೂ ಸೂಕ್ಷ್ಮ. 'ಐ ಕ್ಯಾನ್ ಡು ಇಟ್' ಎನ್ನುವಾಗ ಒತ್ತು 'ಡು' ಮೇಲೆ, 'ಕ್ಯಾನ್' ಸವೆದು 'ಕನ್' ಆಗುತ್ತದೆ. 'ಕಾಂಟ್' ಇದ್ದರೆ ಒತ್ತು ಅದರ ಮೇಲೂ ಬೀಳುತ್ತದೆ. ಅಮೆರಿಕದವರು 'ಕಾಂಟ್'ಅನ್ನು 'ಕ್ಯಾಂಟ್' ಎನ್ನುವುದರಿಂದ, ನಾವು 'ಕ್ಯಾನ್' ಎಂದು ಒತ್ತಿ ಹೇಳಿದರೆ ಫೋನಿನಲ್ಲಿ ಅವರಿಗೆ ಆಗುವುದಿಲ್ಲ ಎಂದೇ ಕೇಳಿಸಬಹುದು.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು: ಐದು ನಿಮಿಷ ಬಾಲಗಳು, ಹತ್ತು ನಿಮಿಷ ಊಹೆ, ಐದು ನಿಮಿಷ ರೆಕಾರ್ಡಿಂಗ್. ಮೊದಲ ವಾರ 'ಮಸ್ಟ್', 'ಮೈಟ್', 'ಕಾಂಟ್' ಮೂರರ ಜೊತೆ ಮಾತ್ರ 'ಹ್ಯಾವ್' ಬಳಸಿ. ಎರಡನೆಯ ವಾರ 'ಶುಡ್', 'ಕುಡ್' ಸೇರಿಸಿ. ಸಾಮರ್ಥ್ಯದ ರೂಪಗಳು ಮೂರನೆಯ ವಾರಕ್ಕಿರಲಿ. ಮೊದಲ ದಿನವೇ ಎಲ್ಲವನ್ನೂ ಹಿಡಿದರೆ 'ಕುಡ್ ಹ್ಯಾವ್', 'ಕುಡ್', 'ವಾಸ್ ಏಬಲ್ ಟು' ಕಲಸಿಹೋಗುತ್ತವೆ.

ಮೂರು ವಾರವಾದ ಮೇಲೆ ಈ ಐದನ್ನು ನೋಡದೆ ಇಂಗ್ಲಿಷಿಗೆ ತನ್ನಿ: ಅವಳು ಫೋನ್ ಮಾಡಬಹುದಿತ್ತು. ಅವನಿಗೆ ಪತ್ರ ಸಿಕ್ಕಿರಲು ಸಾಧ್ಯವೇ ಇಲ್ಲ. ಮಕ್ಕಳು ಮಲಗಿರಬೇಕು. ಕೊನೆಗೂ ಬೀಗ ತೆಗೆಯಲು ಆಯಿತು. ನೀನು ಕೊಡೆ ತರಬೇಕಿರಲಿಲ್ಲ.

ಮೊದಲನೆಯದು 'ಶಿ ಕುಡ್ ಹ್ಯಾವ್ ಕಾಲ್ಡ್', ಮಾಡಲಿಲ್ಲ. ಎರಡನೆಯದು 'ಹೀ ಕಾಂಟ್ ಹ್ಯಾವ್ ಗಾಟ್ ದಿ ಲೆಟರ್'. ಮೂರನೆಯದು ಈಗ ನಿದ್ದೆಯಲ್ಲಿದ್ದಾರೆಂಬ ಊಹೆಯಾದರೆ 'ದಿ ಚಿಲ್ಡ್ರನ್ ಮಸ್ಟ್ ಬಿ ಅಸ್ಲೀಪ್', ಆಗಲೇ ಹೋಗಿ ಮಲಗಿದರೆಂದಾದರೆ 'ಮಸ್ಟ್ ಹ್ಯಾವ್ ಗಾನ್ ಟು ಬೆಡ್'. ಬೀಗಕ್ಕೆ 'ಕುಡ್' ಬೇಡ, 'ಐ ಮ್ಯಾನೇಜ್ಡ್ ಟು ಓಪನ್ ದಿ ಲಾಕ್'. ಕೊಡೆಯ ವಾಕ್ಯಕ್ಕೆ ಎರಡು ಉತ್ತರವಿದೆ. ತಂದದ್ದು ವ್ಯರ್ಥವಾಯಿತು ಎನ್ನುವುದಾದರೆ 'ಯು ನೀಡಂಟ್ ಹ್ಯಾವ್ ಬ್ರಾಟ್ ಆನ್ ಅಂಬ್ರೆಲಾ'. ಅಗತ್ಯವಿರಲಿಲ್ಲ ಎಂದಷ್ಟೇ ಹೇಳಿ, ತಂದನೋ ಇಲ್ಲವೋ ಎಂಬುದನ್ನು ಬಿಟ್ಟರೆ 'ಯು ಡಿಡಂಟ್ ನೀಡ್ ಟು ಬ್ರಿಂಗ್ ಆನ್ ಅಂಬ್ರೆಲಾ'.