ತೆರೆಯದೆ ಇಟ್ಟ ಎನ್‌ಎಚ್‌ಎಸ್ ಲಕೋಟೆ

ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮವರ ಹಲವು ಮನೆಗಳಲ್ಲಿ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಈ ಲಕೋಟೆ ತಿಂಗಳುಗಟ್ಟಲೆ ಬಿದ್ದಿರುತ್ತದೆ. ನಮ್ಮಲ್ಲೂ ಬಿದ್ದಿತ್ತು. ನನ್ನವರಿಗೆ ಐವತ್ತು ತುಂಬಿದ ಮೇಲೆ ಬಂದ ಕರುಳಿನ ಕ್ಯಾನ್ಸರ್ ತಪಾಸಣೆಯ ಕಿಟ್ ಅದು. "ಏನೂ ತೊಂದರೆಯಿಲ್ಲದಿರುವಾಗ ಕೆದಕುವುದೇಕೆ?" ಎಂದು ಪತ್ರಿಕೆಗಳ ಅಡಿಯಲ್ಲಿಟ್ಟುಬಿಟ್ಟರು.

ತೊಂದರೆ ಕಾಣಿಸಿಕೊಳ್ಳದವರಿಗಾಗಿಯೇ ಇರುವ ತಪಾಸಣೆ ಇದು. ಯಾರಿಗೋ ನಿಮ್ಮ ಮೇಲೆ ಅನುಮಾನ ಬಂದು ಕಳುಹಿಸಿದ್ದಲ್ಲ. ಜಿಪಿ, ಅಂದರೆ ಹತ್ತಿರದ ಕುಟುಂಬ ವೈದ್ಯರ ಬಳಿ ನೋಂದಾಯಿಸಿಕೊಂಡ 50ರಿಂದ 74 ವರ್ಷದ ಎಲ್ಲರಿಗೂ 2 ವರ್ಷಕ್ಕೊಮ್ಮೆ ತಾನಾಗಿ ಬರುತ್ತದೆ, ಉಚಿತವಾಗಿ. ಜಿಪಿ ನೋಂದಣಿಗೆ ವೀಸಾ ದಾಖಲೆಯಾಗಲಿ, ವಿಳಾಸದ ಪುರಾವೆಯಾಗಲಿ ಕಡ್ಡಾಯವಲ್ಲ.

ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಆ ಕಿಟ್ಟನ್ನು ಶೌಚಾಲಯದೊಳಗೇ ಇಟ್ಟೆ. ಒಳಗಿದ್ದದ್ದು ಹೆಬ್ಬೆರಳುದ್ದದ ಒಂದು ಪ್ಲಾಸ್ಟಿಕ್ ಬಾಟಲಿ, ಅದರ ಮುಚ್ಚಳಕ್ಕೇ ಅಂಟಿದ ಕಡ್ಡಿ. ಮಲ ನೀರಿಗೆ ಬೀಳದಂತೆ ಒಂದು ಬಳಸಿ ಎಸೆಯುವ ಡಬ್ಬಿಯಲ್ಲಿ ಹಿಡಿದು, ಕಡ್ಡಿಯ ತುದಿಯ ಗೀರುಗಳು ತುಂಬುವಷ್ಟು ಸವರಿ, ಮುಚ್ಚಳವನ್ನು ಕ್ಲಿಕ್ ಎನ್ನುವವರೆಗೆ ಒತ್ತಿದರಾಯಿತು. ಬಾಟಲಿಯ ಮೇಲೆ ದಿನಾಂಕ ಬರೆಯಲು ಮರೆಯಬೇಡಿ. ಅಂಚೆಚೀಟಿ ಬೇಡ, ಲಕೋಟೆ ಜೊತೆಗೇ ಇರುತ್ತದೆ. ಐದು ನಿಮಿಷವೂ ಹಿಡಿಯಲಿಲ್ಲ. ಹೆದರಿಕೆ ಎರಡು ತಿಂಗಳು ಹಿಡಿದಿತ್ತು.

ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೇ ಎಂದು ನೋಡುತ್ತಾರೆ, ಸಾಮಾನ್ಯವಾಗಿ 2 ವಾರದೊಳಗೆ ಫಲಿತಾಂಶ ಬರುತ್ತದೆ. ರಕ್ತದ ಅಂಶ ಸಿಕ್ಕಿದೆ ಎಂದಾಕ್ಷಣ ಕ್ಯಾನ್ಸರ್ ಎಂದಲ್ಲ. ಮೂಲವ್ಯಾಧಿಯಿಂದಲೂ ಹಾಗಾಗಬಹುದು, ಕರುಳಿನ ಗೋಡೆಯಲ್ಲಿ ಬೆಳೆಯುವ ಪಾಲಿಪ್ ಎಂಬ ಸಣ್ಣ ಗಂಟುಗಳಿಂದಲೂ ಆಗಬಹುದು. ಆ ಗಂಟನ್ನು ಕ್ಯಾನ್ಸರ್ ಆಗುವ ಮೊದಲೇ ತೆಗೆದುಹಾಕಬಹುದು. ತಿಳಿಯುವುದೇ ಬೇಡ ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹೆಣ್ಣುಮಕ್ಕಳಿಗೆ 25ರಿಂದ 64ರವರೆಗೆ ಗರ್ಭಕಂಠದ ತಪಾಸಣೆಗೂ ಕರೆ ಬರುತ್ತದೆ. ಇಲ್ಲಿ ಹೆದರಿಕೆಗಿಂತ ಸಂಕೋಚವೇ ಹೆಚ್ಚು, ಅದು ನನಗೂ ಗೊತ್ತು. ಸಮಯ ಗೊತ್ತುಮಾಡುವಾಗಲೇ ಮಹಿಳಾ ನರ್ಸ್ ಬೇಕೆಂದು ಹೇಳಿ. ಜೊತೆಗೆ ಒಬ್ಬರು ಇರಲಿ ಎನ್ನಬಹುದು, ಪರೀಕ್ಷೆಗೆ ಒಳಗಿಡುವ ಉಪಕರಣ ಚಿಕ್ಕದಿರಲಿ ಎಂದು ಕೇಳಬಹುದು. ನಡುವೆ "ನಿಲ್ಲಿಸಿ" ಎಂದರೆ ಅವರು ನಿಲ್ಲಿಸಲೇಬೇಕು.

ಇಂಗ್ಲಿಷ್ ಬಾರದ ಅತ್ತೆ, ಅಮ್ಮಂದಿರಿಗೆ ಮಗನನ್ನೋ ಮೊಮ್ಮಗಳನ್ನೋ ದುಭಾಷಿಯಾಗಿ ಕೂರಿಸಬೇಡಿ. ಮಕ್ಕಳ ಮುಂದೆ ಅವರು ಅರ್ಧ ಮಾತನ್ನು ನುಂಗುತ್ತಾರೆ. ಕನ್ನಡ ದುಭಾಷಿ ಬೇಕೆಂದು ಮೊದಲೇ ತಿಳಿಸಿ, ಅದಕ್ಕೆ ಹಣ ಕೊಡಬೇಕಾಗಿಲ್ಲ. ನಿಮ್ಮ ಫಲಿತಾಂಶವನ್ನು ಜಿಪಿ ನಿಮ್ಮ ಕಂಪನಿಗೆ ತಿಳಿಸುವುದೂ ಇಲ್ಲ.

ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಕಿಟ್‌ಗಾಗಿ ಕಾಯಬೇಡಿ, ನೇರವಾಗಿ ಜಿಪಿಗೆ ಕರೆ ಮಾಡಿ. ಬಂದ ಕಿಟ್ ಕಳೆದುಹೋಗಿದ್ದರೆ 0800 707 60 60ಕ್ಕೆ ಕರೆ ಮಾಡಿದರೆ ಇನ್ನೊಂದನ್ನು ಕಳುಹಿಸುತ್ತಾರೆ.